ಬಿರುಮಳೆ ಮತ್ತು ನೀರಿನ ಸುರಂಗ: ಬೀದರಿನ ನೌಬಾದ್ ಕರೇಜಿನ ದುರಸ್ತಿಯನ್ನು ಕುರಿತು

ಕೆರೆಯ ಏರಿ ಒಡೆದರೆ ಊರಿಗೆ ಊರೇ ಓಡಿಬಂದು ನೋಡುತ್ತದೆ. ನೀರಿನ ಸುರಂಗ ಕುಸಿದರೆ ಹಾಗಲ್ಲ. ಮೇಲೆ ಹೊಲ ಹೊಲವಾಗಿಯೇ ಇರುತ್ತದೆ, ದಾರಿ ದಾರಿಯಾಗಿಯೇ ಇರುತ್ತದೆ. ಊರ ಬಳಿಯ ತೊಟ್ಟಿಯಲ್ಲಿ ಮಾತ್ರ ನೀರು ಮೊದಲು ಕೆಂಪಾಗಿ, ಆಮೇಲೆ ಸಣ್ಣದಾಗಿ, ಕಡೆಗೆ ನಿಂತುಹೋಗುತ್ತದೆ. ಹೀಗೆ ಕಣ್ಣಿಗೆ ಬೀಳದೆ ಕೆಡುವ ವಸ್ತುವನ್ನು ಸರಿಪಡಿಸುವುದು ಹೇಗೆ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿಯೇ, ಬೀದರ ನಗರದಲ್ಲಿ, ಈಚೆಗೆ ಎದುರಾಗಿದೆ. ಐದುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಕರೇಜ್ ಎಂಬ ನೀರಿನ ಸುರಂಗವೊಂದರ ಹೂಳನ್ನು 2014ರಿಂದ 2016ರವರೆಗಿನ ಅವಧಿಯಲ್ಲಿ ಅಲ್ಲಿ ತೆಗೆಯಲಾಯಿತು. ಆ ಕೆಲಸವನ್ನು ಆಧಾರವಾಗಿಟ್ಟುಕೊಂಡು, ಮಳೆಯ ಹೊಡೆತಕ್ಕೆ ಇಂತಹ ಸುರಂಗ ಕೆಡುವ ಬಗೆಯನ್ನೂ ಅದನ್ನು ದುರಸ್ತಿಮಾಡುವ ಕ್ರಮವನ್ನೂ ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ. ಸುರಂಗದ ರೋಗ ಹುಟ್ಟುವುದು ಸುರಂಗದ ಒಳಗಲ್ಲ, ಅದರ ಮೇಲಿನ ನೆಲದಲ್ಲಿ ಎಂಬುದು ನಮ್ಮ ಮುಖ್ಯ ವಾದ. ಮೇಲನ್ನು ಬಿಟ್ಟು ಒಳಗನ್ನಷ್ಟೇ ಶುದ್ಧಮಾಡಿದರೆ ಆ ಶ್ರಮ ಒಂದು ದೊಡ್ಡ ಮಳೆಯವರೆಗೆ ಮಾತ್ರ ಬಾಳುತ್ತದೆ.

ಮೊದಲು ಮಳೆಯ ಸ್ವಭಾವವನ್ನು ಕುರಿತು ಎರಡು ಮಾತು. ನಮ್ಮ ರೈತರು ಮಳೆಯನ್ನು ನಕ್ಷತ್ರಗಳಿಂದ ಹೆಸರಿಸುತ್ತಾರೆ. ಮೃಗಶಿರೆಯಿಂದ ತೊಡಗಿ ಸ್ವಾತಿಯವರೆಗಿನ ಈ ಸಾಲಿನಲ್ಲಿ ಹಸ್ತಾ ಮತ್ತು ಚಿತ್ತಾ ಮಳೆಗಳು ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ಮೂರನೆಯ ವಾರದವರೆಗೆ ಬೀಳುತ್ತವೆ. ದಖನ್ನಿನ ದೊಡ್ಡ ಅನಾಹುತಗಳಲ್ಲಿ ಕೆಲವು ಈ ಎರಡು ಮಳೆಗಳಲ್ಲಿಯೇ ಆಗಿವೆ. ಹೈದರಾಬಾದನ್ನು ಮೂಸಿ ನದಿ ಮುಳುಗಿಸಿದ್ದು 1908ರ ಸೆಪ್ಟೆಂಬರ್ 28ರಂದು. ಅದನ್ನು ಪರಿಶೀಲಿಸಿದ ವಿಶ್ವೇಶ್ವರಯ್ಯನವರು ನದಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದವೆಂದು ಗುರುತಿಸಿದರು. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತವೊಂದು 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ಭೂಮಿಯನ್ನೇರಿ ಪಶ್ಚಿಮಕ್ಕೆ ಸಾಗಿತು. ಆಗ ಹೈದರಾಬಾದಿನಲ್ಲಿ ಒಂದೇ ದಿನ ಸುಮಾರು 19 ಸೆಂಟಿಮೀಟರ್ ಮಳೆ ಸುರಿಯಿತು. ಅದರ ಬೆನ್ನಿಗೆ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ದಂಡೆಯ ಹಳ್ಳಿಗಳಿಗೆ ನುಗ್ಗಿತು. ತಿಂಗಳುಗಟ್ಟಲೆ ಬರಿದಾಗಿದ್ದ ನೆಲದ ಮೇಲೆ ಒಂದು ಹಗಲು ಒಂದು ಇರುಳಿನಲ್ಲಿ ಇಷ್ಟು ನೀರು ಬಿದ್ದರೆ ಅದು ಇಂಗುವುದಿಲ್ಲ, ಮಣ್ಣನ್ನು ಹೊತ್ತುಕೊಂಡು ಓಡುತ್ತದೆ. ನೆಲದೊಳಗೆ ಅಡಗಿರುವ ಸುರಂಗಕ್ಕೆ ಇದರಿಂದೇನು ಭಯ ಎಂದು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅದು ಯಾವ ನೆಲದಲ್ಲಿದೆ, ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಅರಿಯಬೇಕು.

ಎಲ್ಲ ನೆಲವೂ ಸುರಂಗಕ್ಕೆ ಒಗ್ಗುವುದಿಲ್ಲ. ಯಾದಗಿರಿಯ ಕೋಟೆ ನಿಂತಿರುವ ಬೆಟ್ಟ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಬಂಡೆಗಳ ರಾಶಿ ಇವೆಲ್ಲ ಗ್ರಾನೈಟಿನ ಜಾತಿಯವು. ವಿಶ್ವಾರಾಧ್ಯರ ಮಠದಿಂದ ಹೆಸರಾದ ಅಬ್ಬೆತುಮಕೂರಿನ ಸುತ್ತಿನ ರೈತನು ಬಾವಿ ತೋಡುವಾಗ ಕೆಲವು ಗಜ ಮೊರಂಬು ಕಳೆದ ಮೇಲೆ ಗಟ್ಟಿ ಬಂಡೆಯನ್ನು ಮುಟ್ಟುತ್ತಾನೆ. ಅಲ್ಲಿ ನೀರು ಇದ್ದರೆ ಬಿರುಕಿನಲ್ಲಿ ಮಾತ್ರ. ಬಿರುಕು ತಪ್ಪಿದರೆ ನೀರೂ ತಪ್ಪಿತು. ಅಂತಹ ಬಂಡೆಯನ್ನು ಉಳಿಯಿಂದ ಅಡ್ಡಡ್ಡಲಾಗಿ ಮೈಲಿಗಟ್ಟಲೆ ಕೊರೆಯುವುದು ಹುಚ್ಚುಸಾಹಸ. ಆದುದರಿಂದ ಆ ಸೀಮೆಯ ಜನ ಬಂಡೆಗಳ ನಡುವಿನ ತಗ್ಗಿಗೆ ಏರಿ ಕಟ್ಟಿ ಕೆರೆ ಮಾಡಿಕೊಂಡರು, ಬೆಟ್ಟದ ಮೇಲೆ ದೊಣೆಗಳಲ್ಲಿ ನೀರು ಹಿಡಿದರು. ಅದು ಆ ನೆಲಕ್ಕೆ ತಕ್ಕ ಜಾಣತನ.

ಬೀದರಿನ ನೆಲ ಬೇರೆ. ಅಲ್ಲಿ ಕೆಳಗೆ ಬಸಾಲ್ಟ್ ಎಂಬ ಕರಿಯ ಅಗ್ನಿಶಿಲೆ. ಅದರ ಮೇಲೆ ಹಲವು ಮೀಟರ್ ದಪ್ಪನಾದ, ಜೇನುಗೂಡಿನಂತೆ ರಂಧ್ರಮಯವಾದ ಕೆಂಪು ಜಂಬಿಟ್ಟಿಗೆ. ಕರಾವಳಿಯವರು ಇದನ್ನೇ ಮುರಕಲ್ಲು ಎನ್ನುತ್ತಾರೆ. ಫ್ರಾನ್ಸಿಸ್ ಬುಕನನ್ ಎಂಬಾತ ಮಲಬಾರಿನಲ್ಲಿ ಇದನ್ನು ಕಂಡು 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು; ಲ್ಯಾಟಿನ್ನಿನಲ್ಲಿ ಅದಕ್ಕೆ ಇಟ್ಟಿಗೆಯ ಕಲ್ಲು ಎಂಬ ಅರ್ಥ ಬರುವುದರಿಂದ ನಮ್ಮ ಜಂಬಿಟ್ಟಿಗೆ ಎಂಬ ಮಾತಿಗೂ ಅದಕ್ಕೂ ಭಾವಸಾಮ್ಯ ಉಂಟು. ಈ ಎರಡು ಪದರಗಳ ನಡುವೆ ಶಿಲೆ ಕೊಳೆತು ಆದ ಮೆತ್ತನೆಯ ಜೇಡಿಯ ಪದರವಿದೆ. ಕರಾವಳಿಯಲ್ಲಿ ಇದಕ್ಕೆ ಶೇಡಿಮಣ್ಣು ಎಂದು ಹೆಸರು. ಮಳೆಯ ನೀರು ಜಂಬಿಟ್ಟಿಗೆಯಲ್ಲಿ ಸರಾಗವಾಗಿ ಇಳಿದು ಜೇಡಿಯನ್ನು ಮುಟ್ಟಿ ನಿಲ್ಲುತ್ತದೆ. ಮುಂದೆ ಇಳಿಯಲಾರದೆ ಅಡ್ಡಲಾಗಿ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಊಟೆಯಾಗಿ ಹೊರಬೀಳುತ್ತದೆ. ಇದಕ್ಕೆ ಪ್ರಮಾಣ ಬೇಕೆಂದರೆ ಪ್ರಯೋಗಶಾಲೆಗೆ ಹೋಗಬೇಕಿಲ್ಲ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡುತ್ತಾರೆ. ಗುರುನಾನಕ್ ಝೀರಾದ ಬುಗ್ಗೆಯೂ ಪಾಪನಾಶದ ಚಿಲುಮೆಯೂ ಇದೇ ನೀರು. ನಿಸರ್ಗ ತಾನಾಗಿ ಕೊಡುತ್ತಿರುವುದನ್ನು ಮನುಷ್ಯನು ತನಗೆ ಬೇಕಾದ ಕಡೆಗೆ ತಿರುಗಿಸಿಕೊಂಡುದೇ ಕರೇಜ್.

ಈ ವಿದ್ಯೆ ಬಂದುದು ಇರಾನಿನಿಂದ. ಅಲ್ಲಿ ಇದನ್ನು ಕನಾತ್ ಎನ್ನುವರು. 1422ರಿಂದ 1436ರವರೆಗೆ ಆಳಿದ ಬಹಮನಿ ಸುಲ್ತಾನ ಅಹಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದನು. ಆ ಬಳಿಕ ಇರಾನಿನ ಕುಶಲಿಗರಿಗೂ ವಿದ್ವಾಂಸರಿಗೂ ಇಲ್ಲಿ ಸತತವಾಗಿ ಆಶ್ರಯ ದೊರೆಯಿತು. ಗೀಲಾನಿನಿಂದ ಬಂದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಆ ಸಂಬಂಧದ ಕಣ್ಣಿಗೆ ಕಾಣುವ ಗುರುತು. ಕಣ್ಣಿಗೆ ಕಾಣದ ಗುರುತು ನೆಲದೊಳಗಿದೆ. ಬೀದರಿನಲ್ಲಿ ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ ಎಂಬ ಮೂರು ವ್ಯವಸ್ಥೆಗಳು ಇದುವರೆಗೆ ಗುರುತಿಸಲ್ಪಟ್ಟಿವೆ. ಮೂರನೆಯದು ಹಳೆಯ ಊರಿನ ಓಣಿಗಳಲ್ಲಿ ನೀರನ್ನು ಹಂಚುವ ಕಾಲುವೆಗಳ ಜಾಲ. ನಮ್ಮ ಪ್ರಸ್ತಾಪಕ್ಕೆ ಮುಖ್ಯವಾದುದು ನೌಬಾದಿನದು. ಅದರ ಉದ್ದ ಸುಮಾರು 3 ಕಿಲೋಮೀಟರ್. ಅದನ್ನೂ ಉಳಿದವನ್ನೂ ಅಳೆದು ನಕ್ಷೆಯ ಮೇಲೆ ತಂದವರು ಕೇರಳದ ಭೂಗೋಳ ಅಧ್ಯಾಪಕರಾದ ವಲ್ಲಿಯಿಲ್ ಗೋವಿಂದನ್‌ಕುಟ್ಟಿಯವರು. ಕಾಲೇಜಿನ ಅಧ್ಯಾಪಕನೊಬ್ಬನು ಕ್ಷೇತ್ರಕ್ಕಿಳಿದರೆ ಏನಾಗಬಲ್ಲದೆಂಬುದಕ್ಕೆ ಇದು ಒಳ್ಳೆಯ ನಿದರ್ಶನವೆಂದು ನಮಗೆ ತೋರುತ್ತದೆ.

ಕರೇಜಿನ ರಚನೆ ಹೀಗೆ. ಎತ್ತರದ ನೆಲದಲ್ಲಿ ನೀರು ಸಿಕ್ಕುವವರೆಗೆ ಒಂದು ಬಾವಿಯನ್ನು ತೋಡುತ್ತಾರೆ, ಇದು ತಾಯಿಬಾವಿ. ಅದರ ತಳದಿಂದ ಊರಿನ ಕಡೆಗೆ ಅತ್ಯಲ್ಪ ಇಳಿಜಾರಿನಲ್ಲಿ ಸುರಂಗವನ್ನು ಕೊರೆಯುತ್ತಾರೆ. ಮೇಲಿನ ನೆಲ ಸುರಂಗಕ್ಕಿಂತ ಬೇಗನೆ ಇಳಿಯುವುದರಿಂದ ಒಂದು ಎಡೆಯಲ್ಲಿ ಎರಡೂ ಕೂಡಿ ನೀರು ಹೊರಗೆ ಬರುತ್ತದೆ. ಅಗೆದ ಮಣ್ಣನ್ನು ಎತ್ತಲೂ ಒಳಗಿನವರಿಗೆ ಗಾಳಿ ಸಿಕ್ಕಲೂ ದಾರಿಯುದ್ದಕ್ಕೂ ಮೇಲಿನಿಂದ ನೆಟ್ಟಗೆ ಇಳಿಯುವ ಕಂಡಿಗಳನ್ನು ತೋಡಬೇಕಾಗುತ್ತದೆ. ಇವನ್ನು ಗಾಳಿಬಾವಿ ಎನ್ನೋಣ. ಎತ್ತುವ ಯಂತ್ರವಿಲ್ಲ, ದನದ ಕಪಿಲೆಯಿಲ್ಲ. ನೀರು ತನ್ನ ತೂಕದಿಂದಲೇ ಹಗಲಿರುಳೂ ನಡೆದುಬರುತ್ತದೆ.

ಇಳಿಜಾರಿನ ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಉದ್ದವಾದ ಕನಾತುಗಳಲ್ಲಿ ಅದು ಸಾವಿರಕ್ಕೆ ಒಂದರಷ್ಟು ಅಥವಾ ಅದಕ್ಕಿಂತಲೂ ಕಡಮೆ. ಸಾವಿರಕ್ಕೆ ಒಂದೆಂದು ಹಿಡಿದರೆ 3 ಕಿಲೋಮೀಟರ್ ಉದ್ದದ ಸುರಂಗದ ಎರಡು ತುದಿಗಳಿಗೂ ಇರುವ ಎತ್ತರದ ಅಂತರ ಮೂರೇ ಮೀಟರ್. ಈ ಲೆಕ್ಕದಿಂದ ಹೊರಡುವ ಪರಿಣಾಮ ಬೆರಗುಗೊಳಿಸುವಂತಹುದು. ಸುರಂಗದ ನಡುವೆ ಎಲ್ಲಿಯಾದರೂ ಅರ್ಧ ಮೀಟರ್ ಎತ್ತರದ ಹೂಳಿನ ದಿಬ್ಬ ಬಿತ್ತೆನ್ನೋಣ. ಅದರ ಹಿಂದೆ ನೀರು ಐದುನೂರು ಮೀಟರ್ ದೂರದವರೆಗೆ ಕಟ್ಟಿ ನಿಲ್ಲುತ್ತದೆ. ಸುರಂಗದ ಅಗಲ 80 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಹಾಗೆ ನಿಂತ ನೀರು ಒಂದು ಲಕ್ಷ ಲೀಟರ್. ದಿಬ್ಬ ಒಂದೂವರೆ ಮೀಟರ್ ಎದ್ದರೆ ಹಿನ್ನೀರು ಒಂದೂವರೆ ಕಿಲೋಮೀಟರ್! ಕಡಿದಾದ ಕಾಲುವೆಯಲ್ಲಿ ಇಂತಹ ಕಸವನ್ನು ನೀರೇ ತಳ್ಳಿಕೊಂಡು ಹೋದೀತು. ಇಲ್ಲಿ ಅದಕ್ಕೆ ಆ ಬಲವಿಲ್ಲ. ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಉದ್ದನೆಯ ತಗಡಿನ ದೋಣಿಯೊಂದನ್ನು ಒಂದು ತುದಿಯಲ್ಲಿ ಪುಸ್ತಕದ ರಟ್ಟಿನಷ್ಟು ಎತ್ತರಿಸಿ ನೀರು ಬಿಟ್ಟು, ನಡುವೆ ಹಿಡಿ ಮಣ್ಣು ಹಾಕಿದರೆ ಸಾಕು.

ಇನ್ನು ಹಾನಿಯ ಪ್ರಸ್ತಾಪಕ್ಕೆ ಬರೋಣ. ಬಿರುಮಳೆ ಸುರಂಗವನ್ನು ಪ್ರವೇಶಿಸುವುದು ಗಾಳಿಬಾವಿಯ ಬಾಯಿಂದ. ಒಂದು ಗಾಳಿಬಾವಿಯ ಕಡೆಗೆ ಒಂದೇ ಎಕರೆ ನೆಲದ ನೀರು ವಾಲುತ್ತದೆಯೆಂದು ಭಾವಿಸಿ. 10 ಸೆಂಟಿಮೀಟರ್ ಮಳೆಯಲ್ಲಿ ಆ ಎಕರೆಯ ಮೇಲೆ ಬೀಳುವ ನೀರು ನಾಲ್ಕು ಲಕ್ಷ ಲೀಟರ್. ಅರ್ಧ ಇಂಗಿ ಅರ್ಧ ಹರಿದರೆ ಎರಡು ಲಕ್ಷ. ಉತ್ತ ಹೊಲದ ಕೆನ್ನೀರಿನಲ್ಲಿ ಲೀಟರಿಗೆ ಹತ್ತು ಗ್ರಾಮ್ ಮಣ್ಣಿರುವುದು ಅಸಂಭವವೇನಲ್ಲ; ಆ ಲೆಕ್ಕದಂತೆ ಒಂದು ರಾತ್ರಿಯಲ್ಲಿ ಒಂದು ಗಾಳಿಬಾವಿಯ ಮೂಲಕ ಎರಡು ಟನ್ ಮಣ್ಣು ಸುರಂಗಕ್ಕೆ ಇಳಿಯುತ್ತದೆ. ಅದು ಬಾವಿಯ ಬುಡದಲ್ಲಿ ಶಂಕುವಿನಾಕಾರದ ಗುಡ್ಡೆಯಾಗಿ ಕೂಡುತ್ತದೆ. ಮೇಲೆ ಹೇಳಿದ ದಿಬ್ಬ ಹುಟ್ಟಿದ್ದು ಹೀಗೆ. ಹಿಂದೆ ಕಟ್ಟಿದ ನೀರು ಸುರಂಗದ ಗೋಡೆಗಳನ್ನು ನೆನೆಸುತ್ತದೆ. ಜಂಬಿಟ್ಟಿಗೆ ನೆನೆದರೂ ನಿಲ್ಲಬಲ್ಲದು. ಜೇಡಿಯ ಪದರ ನೆನೆದರೆ ಬೆಣ್ಣೆ. ಎಲ್ಲಿ ಸುರಂಗ ಗಟ್ಟಿ ಕಲ್ಲಿನಿಂದ ಜೇಡಿಗೆ ದಾಟುತ್ತದೆಯೋ ಅಲ್ಲಿ ಗೋಡೆ ಜಾರಿ ಮಾಡು ಕಳಚುತ್ತದೆ. ಬಿದ್ದ ಮಣ್ಣು ಇನ್ನೊಂದು ಅಡ್ಡಗಟ್ಟೆಯಾಗಿ ಇನ್ನಷ್ಟು ನೀರನ್ನು ತಡೆಯುತ್ತದೆ. ಆ ನೀರು ಇನ್ನಷ್ಟು ಗೋಡೆಯನ್ನು ನೆನೆಸುತ್ತದೆ. ಒಂದು ಹಾನಿ ಮತ್ತೊಂದನ್ನು ಹೆರುತ್ತ ಹೋಗುವ ಈ ಸರಪಳಿ ಮೊದಲ ಮಳೆಯ ವರ್ಷವೇ ಕತ್ತರಿಸಲ್ಪಡಬೇಕು. ಎರಡು ಮೂರು ವರ್ಷ ಬಿಟ್ಟರೆ ಹೂಳಿನ ರಾಶಿ ಮಾಡನ್ನು ಮುಟ್ಟಿ, ಸುರಂಗವಿತ್ತೆಂಬುದೇ ಜನರಿಗೆ ಮರೆತುಹೋಗುತ್ತದೆ.

ಇರಾನಿನವರು ಇದನ್ನು ಚೆನ್ನಾಗಿ ಅರಿತಿದ್ದರು. ವಿಮಾನದಿಂದ ನೋಡಿದರೆ ಅಲ್ಲಿಯ ಮರುಭೂಮಿಯಲ್ಲಿ ಇರುವೆಗೂಡುಗಳ ಸಾಲಿನಂತೆ ಉಂಗುರಾಕಾರದ ದಿಬ್ಬಗಳು ಕಾಣುತ್ತವೆ. ಅಗೆದ ಮಣ್ಣನ್ನು ಗಾಳಿಬಾವಿಯ ಸುತ್ತ ಸುರಿದುದರಿಂದ ಆದ ಕಟ್ಟೆಗಳವು. ಮಣ್ಣನ್ನು ದೂರ ಹೊರುವ ಶ್ರಮ ತಪ್ಪಿತು, ಹರಿದುಬರುವ ಪ್ರವಾಹ ಬಾಯಿಗೆ ಬೀಳುವುದೂ ತಪ್ಪಿತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅಲ್‌ಕರಜಿ ಎಂಬ ಗಣಿತಜ್ಞನು ಅಡಗಿದ ನೀರನ್ನು ಹೊರತೆಗೆಯುವುದನ್ನು ಕುರಿತೇ ಒಂದು ಗ್ರಂಥ ಬರೆದು, ಅದರಲ್ಲಿ ಮಟ್ಟ ಹಿಡಿಯುವ ಉಪಕರಣಗಳೊಡನೆ ಸುರಂಗದ ಪಾಲನೆಯ ವಿಚಾರವನ್ನೂ ಸೇರಿಸಿದ್ದಾನೆ. ಬೀಜಗಣಿತದಲ್ಲಿ ದೊಡ್ಡ ಹೆಸರಾದವನು ಹೂಳಿನ ವಿಚಾರಕ್ಕೆ ಕೈಹಾಕಿದನೆಂಬುದನ್ನು ನಮ್ಮ ಗಣಿತದ ವಿದ್ಯಾರ್ಥಿಗಳು ಗಮನಿಸಬಹುದು.

ಕೆಟ್ಟ ಸುರಂಗವನ್ನು ಸರಿಪಡಿಸುವ ಕೆಲಸ ಬಾಯಿಯಿಂದ, ಎಂದರೆ ನೀರು ಹೊರಬೀಳುವ ತುದಿಯಿಂದ, ಮೇಲ್ಮುಖವಾಗಿ ಸಾಗತಕ್ಕದ್ದು. ಕೆಳಗಿನ ದಾರಿ ತೆರೆದಿದ್ದರೆ ಮಾತ್ರ ಮೇಲೆ ಬಿಡಿಸಿದ ನೀರಿಗೂ ಕೆಸರಿಗೂ ಹೋಗಲು ಎಡೆಯುಂಟು. ತಾಯಿಬಾವಿಯಿಂದ ತೊಡಗಿದರೆ ಕೆಲಸಗಾರನು ನಿಂತ ನೀರಿನೊಳಕ್ಕೆ ಇಳಿದಂತಾಗುತ್ತದೆ. ಆದರೆ ಕೆಳಗಿನಿಂದ ಹೋಗುವುದೂ ನಿರಪಾಯವಲ್ಲ. ಎದುರಿಗೆ ಕಾಣುವ ಕೆಸರಿನ ಗೋಡೆಯ ಹಿಂದೆ ಎಷ್ಟು ನೀರಿದೆಯೆಂದು ಅಲ್ಲಿ ನಿಂತವನಿಗೆ ತಿಳಿಯದು. ಗುದ್ದಲಿಯ ಒಂದು ಪೆಟ್ಟಿಗೆ ಲಕ್ಷ ಲೀಟರ್ ನೀರು ಅವನ ಮೇಲೆ ಬರಬಹುದು. ಆದಕಾರಣ ಪ್ರತಿಯೊಂದು ಅಡ್ಡಗಟ್ಟೆಗೂ ಕೈಯಿಡುವ ಮುನ್ನ ಅದರ ಹಿಂದಣ ಗಾಳಿಬಾವಿಯಲ್ಲಿ ಹಗ್ಗ ಇಳಿಸಿ ನೀರಿನ ಮಟ್ಟವನ್ನು ಅಳೆಯಬೇಕು. ನೀರು ನಿಂತಿದ್ದರೆ ಮೇಲಿನಿಂದಲೇ ಎತ್ತಿ ತಗ್ಗಿಸಬೇಕು. ಬಳಿಕ ಗಟ್ಟೆಯ ನೆತ್ತಿಯಲ್ಲಿ ಸಣ್ಣದೊಂದು ಸೀಳು ತೆಗೆದು, ನೀರು ತಾನೇ ಸೋರಿ ಇಳಿಯುವವರೆಗೆ ಕಾಯಬೇಕು. ಬುಡದಲ್ಲಿ ತೂತು ಕೊರೆಯುವುದು ಸಲ್ಲದು. ಬಹುಕಾಲ ಮುಚ್ಚಿದ್ದ ಸುರಂಗದಲ್ಲಿ ಗಾಳಿ ಕೆಟ್ಟಿರುತ್ತದೆ. ಹಿಂದಿನವರು ಎಣ್ಣೆಯ ದೀಪವನ್ನು ಮುಂದಿಟ್ಟುಕೊಂಡು, ಅದು ಮಂಕಾದೊಡನೆ ಹಿಂದಿರುಗುತ್ತಿದ್ದರು. ಇಂದು ಅನಿಲವನ್ನು ಅಳೆಯುವ ಉಪಕರಣಗಳಿವೆ. ಅವಿಲ್ಲದೆ ಯಾರನ್ನೂ ಒಳಗಿಳಿಸಬಾರದೆಂಬುದು ನಮ್ಮ ಅಭಿಪ್ರಾಯ. ಇರಾನಿನ ಸುರಂಗಗಾರರೇ ಕನಾತನ್ನು ಕೊಲೆಗಾರ ಎಂದು ಕರೆಯುತ್ತಿದ್ದರು, ಅಪಶಕುನದ ದಿನ ಒಳಗೆ ಇಳಿಯುತ್ತಿರಲಿಲ್ಲ. ಮೂಢನಂಬಿಕೆಯೆಂದು ನಗುವವರು ಒಮ್ಮೆ ಆ ಕತ್ತಲೆಯಲ್ಲಿ ಬಗ್ಗಿ ನಡೆದು ನೋಡಬೇಕು.

ಹೂಳನ್ನು ತೆಗೆಯುವಾಗ ಹಳೆಯ ತಳವನ್ನು ಮುಟ್ಟಿ ನಿಲ್ಲುವುದು ಅತ್ಯಗತ್ಯ. ಉತ್ಸಾಹದಿಂದ ಇನ್ನೊಂದು ಅಡಿ ಅಗೆದರೆ ಅಲ್ಲಿ ಹೊಂಡವಾಗುತ್ತದೆ, ಹೊಂಡದಲ್ಲಿ ನೀರು ನಿಂತು ಪಕ್ಕದ ಗೋಡೆಯ ಬುಡ ನೆನೆಯುತ್ತದೆ. ಹೂಳು ತೆಗೆದುದರಿಂದಲೇ ಹೊಸ ಕುಸಿತಕ್ಕೆ ದಾರಿಯಾಗುತ್ತದೆ. ಮೂರು ಕಿಲೋಮೀಟರಿಗೆ ಮೂರು ಮೀಟರ್ ಎಂಬ ಲೆಕ್ಕವನ್ನು ಕೆಲಸದ ಮೇಲ್ವಿಚಾರಕನು ಮರೆಯಕೂಡದು. ಪ್ರತಿ ಗಾಳಿಬಾವಿಯ ಬುಡದಲ್ಲಿಯೂ ಮಟ್ಟವನ್ನು ಅಳೆದು ಬರೆದುಕೊಂಡು ಸಾಗುವುದೊಂದೇ ಇದಕ್ಕೆ ಮದ್ದು.

ಕುಸಿದ ಭಾಗಕ್ಕೆ ಆಧಾರ ಕೊಡುವ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಇಂದಿನ ಇಂಜಿನಿಯರನಿಗೆ ಮೊದಲು ನೆನಪಾಗುವುದು ಸಿಮೆಂಟ್ ಕಾಂಕ್ರೀಟು. ಊರಿನ ಸುರಂಗಗಳಲ್ಲಿ ಅದು ಸರಿಯಾದೀತು. ಇಲ್ಲಿ ಎಲ್ಲ ಕಡೆಯೂ ಸರಿಯಲ್ಲ. ಏಕೆಂದರೆ ಕರೇಜಿನಲ್ಲಿ ಎರಡು ಭಾಗಗಳುಂಟು. ತಾಯಿಬಾವಿಯ ಕಡೆಯ ಭಾಗದಲ್ಲಿ ಗೋಡೆಗಳೇ ನೀರನ್ನು ಒಸರುತ್ತವೆ. ಅದು ನೀರನ್ನು ಹೆರುವ ಭಾಗ. ಊರಿನ ಕಡೆಯದು ನೀರನ್ನು ಹೊರುವ ಭಾಗ ಮಾತ್ರ. ಹೊರುವ ಭಾಗಕ್ಕೆ ಗಾರೆ ಬಳಿದರೆ ಸೋರಿಕೆ ತಪ್ಪಿ ಲಾಭವೇ ಆಗುತ್ತದೆ. ಹೆರುವ ಭಾಗಕ್ಕೆ ಬಳಿದರೆ ತಾಯಿಯ ಮೊಲೆಗೆ ಅರಗು ಮೆತ್ತಿದಂತೆ. ಅಷ್ಟೇ ಅಲ್ಲ, ಹೊರಬರಲಾರದ ನೀರು ಕಾಂಕ್ರೀಟಿನ ಹಿಂದೆ ಒತ್ತಡವಾಗಿ ನಿಂತು ಅದನ್ನೇ ಒಡೆಯಬಹುದು. ಇರಾನಿನಲ್ಲಿ ಮೆತ್ತನೆಯ ಮಣ್ಣು ಸಿಕ್ಕಿದೆಡೆ ಮಾತ್ರ ಸುಟ್ಟ ಮಣ್ಣಿನ ಅಂಡಾಕಾರದ ಬಳೆಗಳನ್ನು ಒಂದರ ಮುಂದೊಂದು ಜೋಡಿಸುತ್ತಾರೆ. ಬಳೆಗಳ ಸಂದಿಯಿಂದ ನೀರು ಒಳಗೆ ಬರುತ್ತದೆ, ಮಣ್ಣು ಹೊರಗೆ ನಿಲ್ಲುತ್ತದೆ. ಬೀದರಿನಂತಹ ನೆಲದಲ್ಲಿ ಜಂಬಿಟ್ಟಿಗೆಯ ಕಲ್ಲುಗಳನ್ನೇ ಗಾರೆಯಿಲ್ಲದೆ ಕಮಾನಾಗಿ ಜೋಡಿಸುವುದು ಇದಕ್ಕೆ ಸಮನಾದ ಉಪಾಯವೆನಿಸುತ್ತದೆ.

ನೌಬಾದಿನಲ್ಲಿ ನಡೆದುದನ್ನು ಈಗ ನೋಡಬಹುದು. ಅಲ್ಲಿ ಮೊದಲಿಗೆ 21 ಗಾಳಿಬಾವಿಗಳು ಗುರುತಿಸಲ್ಪಟ್ಟಿದ್ದವು. ಭಾರತೀಯ ಪಾರಂಪರಿಕ ನಗರಗಳ ಜಾಲ ಮತ್ತು ಟೀಮ್ ಯುವಾ ಎಂಬ ಸ್ಥಳೀಯ ತಂಡ ಹೂಳು ತೆಗೆಯುವ ಕೆಲಸಕ್ಕೆ ಮೊದಲು ಕೈಹಾಕಿದವು. 2015-16ರಲ್ಲಿ ಜಿಲ್ಲಾಡಳಿತ ಅದನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಿತು. ಜಿಲ್ಲೆ ಘೋರ ಬರಗಾಲದಲ್ಲಿದ್ದ ಕಾಲವದು. ಕೆಲಸ ಸಾಗಿದಂತೆ ಮಣ್ಣಿನಡಿ ಹೂತುಹೋಗಿದ್ದ ಬಾವಿಗಳೂ ಹೊರಬಿದ್ದು ಎಣಿಕೆ 27ಕ್ಕೆ ಏರಿತು. ಹೂಳಿನಡಿಯಲ್ಲಿ ನೀರೂ ಕಾಣಿಸಿಕೊಂಡಿತು. ನೆಲದ ಮೇಲೆ ಕುರುಹೇ ಇಲ್ಲದಂತೆ ಆರು ಬಾವಿಗಳು ತುಂಬಿಹೋಗಿದ್ದವೆಂಬ ಸಂಗತಿಯೇ ಶತಮಾನಗಳ ಮಳೆಯೂ ಮನುಷ್ಯನ ಉದಾಸೀನವೂ ಕೂಡಿ ಏನು ಮಾಡಬಲ್ಲವೆಂಬುದನ್ನು ಹೇಳುತ್ತದೆ. ಬರಗಾಲ ಕಳೆದು 2016ರ ಸೆಪ್ಟೆಂಬರಿನಲ್ಲಿಯೇ ಬೀದರ ಜಿಲ್ಲೆಯಲ್ಲಿ ಭಾರಿ ಮಳೆ ಸುರಿದು ಕಾರಂಜಾ ಜಲಾಶಯ ತುಂಬಿತು. ದಖನ್ನಿನಲ್ಲಿ ಬರವೂ ಪ್ರವಾಹವೂ ಹೀಗೆ ಒಂದೇ ವರ್ಷದ ಒಳಗೆ ಒಂದರ ಹಿಂದೊಂದು ಬರುವುದುಂಟು; ಬರದಲ್ಲಿ ತೆರೆದ ಬಾವಿಯ ಬಾಯಿ ಪ್ರವಾಹಕ್ಕೆ ತೆರೆದ ಬಾಗಿಲಾಗುತ್ತದೆ. ಈ ಕಾರಣದಿಂದಲೇ ಹೂಳೆತ್ತುವುದಕ್ಕೂ ಬಾಯಿಗೆ ಕಟ್ಟೆ ಕಟ್ಟುವುದಕ್ಕೂ ನಡುವೆ ಒಂದು ಮಳೆಗಾಲವೂ ಕಳೆಯಬಾರದೆಂದು ನಾವು ಒತ್ತಿ ಹೇಳುತ್ತೇವೆ.

ಕಟ್ಟೆಯೊಂದೇ ಸಾಲದು. ಕರೇಜನ್ನು ಕಟ್ಟಿದ ಕಾಲದಲ್ಲಿ ಅದರ ಮೇಲಿದ್ದುದು ಬಯಲು. ಇಂದು ಬೀದರ ನಗರ ನೌಬಾದನ್ನು ಮುಟ್ಟಿ ದಾಟಿದೆ. ಒಂದು ಹೊಸ ರಸ್ತೆ ನೆಲದ ಇಳಿಜಾರನ್ನು ಅಡ್ಡಗಟ್ಟಿ, ಹಿಂದೆ ಹತ್ತು ಕಡೆ ಚದುರಿ ಹೋಗುತ್ತಿದ್ದ ನೀರನ್ನು ಒಂದೇ ಮೋರಿಗೆ ತಿರುಗಿಸಬಲ್ಲದು. ಆ ಮೋರಿಯ ಮುಂದೆ ಗಾಳಿಬಾವಿ ಇದ್ದರೆ ಮೊಳದೆತ್ತರದ ಕಟ್ಟೆ ಏನು ಮಾಡೀತು? ಮನೆಗಳ ಕೊಳಚೆ ಇಳಿದರೆ ಜಂಬಿಟ್ಟಿಗೆಯ ರಂಧ್ರಗಳು ಮಳೆಯ ನೀರಿಗೆ ಕೊಡುವಷ್ಟೇ ಉದಾರವಾಗಿ ಅದಕ್ಕೂ ದಾರಿ ಕೊಡುತ್ತವೆ. ತಾಯಿಬಾವಿಯ ಸುತ್ತ ಕೊಳವೆಬಾವಿಗಳು ಹೆಚ್ಚಿ ಅಂತರ್ಜಲ ಸುರಂಗದ ತಳಕ್ಕಿಂತ ಕೆಳಗಿಳಿದರೆ, ಕನ್ನಡಿಯಂತೆ ಶುದ್ಧವಾದ ಸುರಂಗದಲ್ಲಿಯೂ ಹನಿ ನೀರು ಬಾರದು. ಕೊಳವೆಬಾವಿ ಎಷ್ಟು ಆಳದಿಂದಲಾದರೂ ಎಳೆಯುತ್ತದೆ. ಕರೇಜ್ ತನ್ನ ಮಟ್ಟಕ್ಕೆ ಬಂದುದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಈ ಸಂಯಮವೇ ಅದರ ಗುಣ, ಇದೇ ಇಂದು ಅದರ ದೌರ್ಬಲ್ಯ.

ವಿಜಯಪುರದ ಆದಿಲ್‌ಶಾಹಿಗಳು ಇದೇ ಸಮಸ್ಯೆಗೆ ಬೇರೊಂದು ಪರಿಹಾರ ಹುಡುಕಿದರು. ತೊರವಿಯಿಂದ ಸುರಂಗದಲ್ಲಿ ನೀರು ತಂದುದಲ್ಲದೆ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳ ಮೂಲಕ ಊರಿಗೆ ಸಾಗಿಸಿದರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಎತ್ತರದ ಗೋಪುರಗಳನ್ನು ನಿಲ್ಲಿಸಿದ್ದರು. ನೀರು ಅದರಲ್ಲಿ ಮೇಲೇರಿ ಇಳಿಯುವಾಗ ಒತ್ತಡ ಕಡಮೆಯಾಗುವುದು, ಕಸರು ತಳಕ್ಕೆ ಕೂಡುವುದು. ಕೂಡಿದುದನ್ನು ಅಲ್ಲಿಯೇ ತೆಗೆಯಬಹುದು. ಹೂಳು ಬಂದೇ ಬರುವುದೆಂದು ಒಪ್ಪಿಕೊಂಡು ಅದಕ್ಕೊಂದು ಮನೆ ಕಟ್ಟಿಕೊಟ್ಟ ಈ ವಿವೇಕವನ್ನು ಬೀದರಿನ ಗಾಳಿಬಾವಿಗಳ ಬುಡದಲ್ಲಿಯೂ ಸಣ್ಣ ಪ್ರಮಾಣದಲ್ಲಿ ಅನುಸರಿಸಲು ಸಾಧ್ಯವೇ ಎಂದು ತಜ್ಞರು ಪರೀಕ್ಷಿಸಬೇಕು.

ದುರಸ್ತಿಗೆ ಹಣ ಕೊಡುವವರು ಯಾರು? ಅರಸನ ಬೊಕ್ಕಸದಿಂದ ನಡೆದ ಸುರಂಗ ಅರಸೊತ್ತಿಗೆಯೊಡನೆ ಮುಗಿಯುತ್ತದೆ. ಒಮಾನ್ ದೇಶದ ಫಲಜ್ ಎಂಬ ಸುರಂಗಗಳಲ್ಲಿ ನೀರನ್ನು ಕಾಲದ ಪಾಲುಗಳಾಗಿ ಹಂಚಿ, ಕೆಲವು ಪಾಲುಗಳನ್ನು ಫಲಜಿನ ಹೆಸರಿನಲ್ಲಿಯೇ ಕಾದಿರಿಸುತ್ತಾರೆ. ಅವನ್ನು ಹರಾಜು ಹಾಕಿ ಬಂದ ಹಣ ದುರಸ್ತಿಗೆ ಮೀಸಲು. ಎಂದರೆ ಸುರಂಗ ತನ್ನ ಪಾಲಿನ ನೀರನ್ನು ತಾನೇ ಮಾರಿ ತನ್ನ ಗಾಯಕ್ಕೆ ಮದ್ದು ಕೊಳ್ಳುತ್ತದೆ. 2007ರ ಜೂನ್ ತಿಂಗಳಲ್ಲಿ ಗೋನು ಚಂಡಮಾರುತ ಅಪ್ಪಳಿಸಿ ಅಲ್ಲಿಯ ಅನೇಕ ಫಲಜುಗಳು ಕೆಟ್ಟವು. ಅಷ್ಟು ದೊಡ್ಡ ಗಾಯಕ್ಕೆ ಇಂತಹ ನಿಧಿ ಸಾಲದಿರಬಹುದು; ವರ್ಷವರ್ಷದ ಸಣ್ಣ ಗಾಯಗಳು ದೊಡ್ಡವಾಗದಂತೆ ತಡೆಯಲು ಅದೇ ಸಾಕು. ನಮ್ಮ ಕಾಸರಗೋಡು, ದಕ್ಷಿಣ ಕನ್ನಡಗಳ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳು ಬಹುಮಟ್ಟಿಗೆ ಒಂದೊಂದು ಮನೆಯವು. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಒಂದರ ಹಿಂದೊಂದು ಸುರಂಗ ಕೊರೆದು, ಹಲವು ವಿಫಲವಾದ ಮೇಲೆ ನೀರು ಕಂಡು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅಲ್ಲಿ ಮಳೆಗಾಲದಲ್ಲಿ ಶೇಡಿಮಣ್ಣು ಜಾರಿದರೆ ಮನೆಯವರೇ ಹಾರೆ ಹಿಡಿದು ಒಳಗೆ ಹೋಗುತ್ತಾರೆ, ಏಕೆಂದರೆ ಮರುದಿನ ಬೆಳಿಗ್ಗೆ ನೀರಿಲ್ಲದವರು ಅವರೇ. ನಗರದ ಸುರಂಗಕ್ಕೆ ಇಂತಹ ಒಡೆಯನಿಲ್ಲ. ಬೀದರಿನಲ್ಲಿ ಕೆಲಸ ನಡೆದುದು ಉತ್ಸಾಹಿಗಳಾದ ಅಧಿಕಾರಿಗಳಿಂದ, ಸ್ವಯಂಸೇವಕರಿಂದ. ಅಧಿಕಾರಿಗಳು ವರ್ಗವಾಗುತ್ತಾರೆ, ಮಳೆ ವರ್ಗವಾಗುವುದಿಲ್ಲ.

ಈ ಸಂದರ್ಭದಲ್ಲಿ ಸುತ್ತಿನ ಕಾಲೇಜುಗಳು ವಹಿಸಿಕೊಳ್ಳಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇವೆ. ಸುರಂಗದೊಳಗೆ ಇಳಿಯದೆಯೇ ಅದರ ಆರೋಗ್ಯವನ್ನು ಅರಿಯುವ ಬಗೆಯುಂಟು. ಹರಿವು ಇರುವ ದಿನಗಳಲ್ಲಿ ನೀರು ಹೊರಬೀಳುವ ತುದಿಯಲ್ಲಿ ಅಳತೆಯ ಪಾತ್ರೆಯೊಂದನ್ನು ಹಿಡಿದು, ಅದು ತುಂಬಲು ಎಷ್ಟು ಸೆಕೆಂಡು ಬೇಕೆಂಬುದನ್ನೂ ನೀರಿನ ಬಣ್ಣವನ್ನೂ ಬರೆದಿಟ್ಟರೆ ಸಾಕು. ಮೃಗಶಿರೆಗೆ ಮುನ್ನ ಒಮ್ಮೆ, ಚಿತ್ತಾ ಮಳೆ ಕಳೆದ ಮೇಲೆ ಒಮ್ಮೆ, ನಡುವೆ ದೊಡ್ಡ ಮಳೆ ಬಂದಾಗಲೆಲ್ಲ ಮೂರು ದಿನ ಈ ಅಳತೆ ನಡೆಯಬೇಕು. ಮಳೆಯ ಬಳಿಕ ಹರಿವು ಮೆಲ್ಲನೆ ಏರಿ ನೀರು ತಿಳಿಯಾಗಿಯೇ ಇದ್ದರೆ ಅದು ಇಂಗಿ ಬಂದ ನೀರು, ಚಿಂತೆಯಿಲ್ಲ. ಕೆಲವೇ ಗಂಟೆಗಳಲ್ಲಿ ಹರಿವು ಏರಿ ನೀರು ಕೆಂಪಾದರೆ ಯಾವುದೋ ಗಾಳಿಬಾವಿಯ ಕಟ್ಟೆ ಒಡೆದಿದೆ. ಆಗ ಮೇಲೆ ನಡೆದು ಹುಡುಕಬೇಕು. ಮಳೆ ಸುರಿಯುತ್ತಿರುವಾಗಲೇ ಹರಿವು ಇಳಿಯಿತೆಂದರೆ ಒಳಗೆ ಎಲ್ಲಿಯೋ ಅಡ್ಡಗಟ್ಟೆ ಬಿದ್ದಿದೆ. ಹಾಗೆ ಇಳಿದ ಹರಿವು ಒಂದೆರಡು ದಿನದ ಬಳಿಕ ಥಟ್ಟನೆ ಕೆಸರಿನೊಡನೆ ಉಕ್ಕಿ ಬಂದರೆ ಆ ಗಟ್ಟೆ ತಾನಾಗಿ ಒಡೆದಿದೆಯೆಂದು ತಿಳಿದು, ಗೋಡೆಗಳು ಒಣಗುವವರೆಗೆ, ಎಂದರೆ ಬೇಸಗೆಯವರೆಗೆ, ಯಾರನ್ನೂ ಒಳಗೆ ಕಳುಹಿಸಬಾರದು.